ಅವರ ಮನೆಯ ನನ್ನ ತಟ್ಟೆ

ಹೋದ ವಾರ ಅವರ ಮಗಳು ಫೋನ್ ಮಾಡಿದ್ದಳು. ನಿವೃತ್ತ ನೌಕರರ ಸಂಘದವರು ತನ್ನಪ್ಪನ ನೆನಪಿಗೆ ಒಂದು ಪುಟ್ಟ ಸಂಚಿಕೆ ತರುತ್ತಿದ್ದಾರಂತೆ, ಅದಕ್ಕೆ ನಾನು ಬರೆಯಲೇಬೇಕಂತೆ. 'ಅಪ್ಪಂಗೆ ನೀವೇ ಅಲ್ವಾ ಅಂಕಲ್ ಬೆಸ್ಟ್ ಫ್ರೆಂಡು? ಆ ಸಿನಿಮಾ ತೋರಿಸಿದ ದಿನದ ವಿಷಯ ಮಾತ್ರ ಬಿಡ್ಬೇಡಿ' ಅಂದಳು. ಬಿಡೋದಿಲ್ಲಮ್ಮ ಅಂದೆ. ಆ ಮಾತು ಉಳಿಸಿಕೊಳ್ಳುವುದಕ್ಕೇ ಈಗ ಕೂತಿದ್ದೇನೆ. ಆದರೆ ಬರೆಯುತ್ತಿರುವುದು ಅವಳ ಸಂಚಿಕೆಗೆ ಒಗ್ಗುವಂಥದ್ದಲ್ಲ ಅನ್ನುವುದು ಮೊದಲ ಸಾಲಿಗೇ ಗೊತ್ತಾಗಿಹೋಗಿದೆ. ತೀರಿಕೊಂಡವರ ಮೇಲೆ ಮುನಿಸು ಇಟ್ಟುಕೊಂಡರೆ ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ. ಇರಲಿ, ಕಾಣದಿದ್ದರೆ ಬೇಡ. ಅವರ ಬಗ್ಗೆ ಒಳ್ಳೆಯದು ಹೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟಿದೆ, ಅದನ್ನೂ ಹೇಳುತ್ತೇನೆ.

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ನಮ್ಮಲ್ಲಿ ತಯಾರಾದ ಬಿಡಿಭಾಗ ಯಾವುದೇ ಇರಲಿ, ಅವರ ಮೇಜು ದಾಟದೆ ಹೊರಗೆ ಹೋಗುವಂತಿರಲಿಲ್ಲ. ಎಡಗಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಅಂಚನ್ನೊಮ್ಮೆ ಸವರಿ ನೋಡುತ್ತಿದ್ದರು. ಸರಿಯಿದ್ದರೆ ಏನೂ ಹೇಳುತ್ತಿರಲಿಲ್ಲ. ಸರಿಯಿಲ್ಲದಿದ್ದರೆ 'ಪಾಪ' ಅನ್ನುತ್ತಿದ್ದರು. ಆ ಪಾಪ ಬಿಡಿಭಾಗಕ್ಕೋ ಅದನ್ನು ಮಾಡಿದವನಿಗೋ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಪುಟ್ಟದೊಂದು ಸ್ಟೀಲ್ ಸ್ಕೇಲು, ನಡೆಯುವಾಗ ಎರಡೂ ಕೈ ಹಿಂದಕ್ಕೆ. ಕ್ಯಾಂಟೀನಿನ ಇಡ್ಲಿಯನ್ನೂ ಮೊದಲು ತಿರುಗಿಸಿ ನೋಡಿಯೇ ತಿನ್ನುತ್ತಿದ್ದರು.

ಸಿನಿಮಾವನ್ನು ನೋಡುತ್ತಿದ್ದದ್ದೂ ಹೀಗೆಯೇ. ಭಾನುವಾರ ಮ್ಯಾಟಿನಿ, ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ವಿಮರ್ಶೆ. ಊಟ ಮುಗಿಸಿ ಕೈ ತೊಳೆದುಕೊಂಡು ಬಂದು ಕಂಬಕ್ಕೆ ಒರಗಿ ನಿಂತರೆ ಸುತ್ತಲಿನ ಮೇಜುಗಳು ತಾವಾಗಿಯೇ ಸುಮ್ಮನಾಗುತ್ತಿದ್ದವು. ಬಡ ಹುಡುಗಿಯ ಕಷ್ಟದ ಚಿತ್ರವೊಂದನ್ನು ಊರೆಲ್ಲ ಹೊಗಳುತ್ತಿದ್ದಾಗ, ಆ ಹುಡುಗಿಯ ಬಡತನಕ್ಕೆ ಯಾರೋ ದಿನಾ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡುತ್ತಿದ್ದಾರೆ ಅಂದರು. ಮತ್ತೊಂದನ್ನು, ಮೊದಲರ್ಧ ಅಳತೆಯೊಳಗಿದೆ, ಉಳಿದರ್ಧ ರೀವರ್ಕಿಗೆ ಕಳಿಸಬೇಕು ಅಂದರು. ಒಬ್ಬ ಮಹಾನ್ ನಾಯಕನಟನ ಚಿತ್ರವನ್ನು 'ಪಾಪ' ಅಂದುಬಿಟ್ಟದ್ದಕ್ಕೆ ಅಸೆಂಬ್ಲಿ ವಿಭಾಗದ ಅಭಿಮಾನಿಗಳು ಅವರ ಕಾಫಿಗೆ ಉಪ್ಪು ಹಾಕಿದರು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಚಿತ್ರಕ್ಕಿಂತ ಇದೇ ವಾಸಿ ಅಂದರು. ಆಮೇಲೆ ಅದೇ ಅಭಿಮಾನಿಗಳೇ ಸೋಮವಾರ ಮುಂದಿನ ಬೆಂಚು ಹಿಡಿಯುತ್ತಿದ್ದರು.

ನಾನು ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಕ್ಷರ ಕೊರೆಯುವವನು. ಗೇಜುಗಳ ಮೇಲೆ ಅಳತೆ, ಡಯಲುಗಳ ಮೇಲೆ ಅಂಕಿ, ಯಂತ್ರದ ಹಣೆಯ ಮೇಲೆ ಅದರ ನಂಬರು. ಕಾರ್ಖಾನೆ ಎದ್ದು ನಿಂತದ್ದು ನಮ್ಮ ಊರಿನ ಹೊಲಗಳ ಮೇಲೆಯೇ. ಹೊಲ ನಮ್ಮದಾಗಿರಲಿಲ್ಲ. ನಮ್ಮದು ಊರಾಚೆಯ ಕೇರಿ, ಬೇರೆಯವರು ಮುಟ್ಟಿಸಿಕೊಳ್ಳದ ಜಾತಿ. ಹೊಲ ಕಳೆದುಕೊಂಡವರಿಗೆ ಪರಿಹಾರ ಸಿಕ್ಕಿತು, ನಮ್ಮ ಕೇರಿಗೆ ಕಸಬರಿಕೆ ಸಿಕ್ಕಿತು. ನಮ್ಮಪ್ಪ ಗುಡಿಸಿದ ನೆಲದ ಮೇಲೆಯೇ ನಾನು ಅಪ್ರೆಂಟಿಸ್ ಆಗಿ ಸೇರಿ ಕೊರೆಯುವ ಯಂತ್ರಕ್ಕೆ ಕೈ ಹಾಕಿದೆ.

ಒಂದು ದಿನ ಅವರು ನನ್ನ ಯಂತ್ರದ ಹತ್ತಿರ ಬಂದದ್ದು ಜಗಳಕ್ಕೆ. ನಾನು ಕೊರೆದ ಆರರ ಅಂಕಿ ಹೊಟ್ಟೆ ಉಬ್ಬಿಸಿಕೊಂಡು ಎಂಟರ ಹಾಗೆ ಕಾಣುತ್ತದೆ ಅಂದರು. ಕೂತು ತಿದ್ದಿದೆ. ನಿಂತು ನೋಡಿದರು. ಹೋಗುವಾಗ, ಭಾನುವಾರ ಏನು ಮಾಡ್ತೀಯ ಅಂದರು. ಅಲ್ಲಿಂದ ಶುರುವಾದದ್ದು. ಮೆಜೆಸ್ಟಿಕ್ಕಿನ ಟಾಕೀಸುಗಳಲ್ಲಿ ಅವರ ಪಕ್ಕದ ಸೀಟು ನನ್ನದಾಯಿತು. ಚಿತ್ರ ನಡೆಯುವಾಗ ಒಂದು ಮಾತಿಲ್ಲ. ಮುಗಿದ ಮೇಲೆ ಬಸ್ಸಿನಲ್ಲಿ ಜಾಲಹಳ್ಳಿ ಕ್ರಾಸಿನವರೆಗೂ ಪಾಠ. ಒಂದು ಸಲ ಅವರು ಹೇಳಿದ್ದು ನನ್ನ ತಲೆಯಲ್ಲಿ ಕೊರೆದಿಟ್ಟ ಹಾಗೆ ಉಳಿದಿದೆ:

'ಕ್ಯಾಮೆರಾ ಎಲ್ಲೆಲ್ಲಿ ಹೋಯ್ತು ಅಂತ ಎಲ್ರೂ ನೋಡ್ತಾರೆ. ಎಲ್ಲಿಗೆ ಹೋಗ್ಲಿಲ್ಲ ಅಂತ ನೋಡೋದನ್ನ ಕಲಿ ಕಣೋ.'

ಅದನ್ನು ನಾನು ಕಲಿತೆ. ಕತ್ತಲಲ್ಲಿ ಬಾಯಿ ತೆರೆದು ಕೂರುತ್ತಿದ್ದವನಿಗೆ ಕಣ್ಣು ಕೊಟ್ಟವರು ಅವರು. ಇದನ್ನು ಇವತ್ತೂ ಇಲ್ಲ ಅನ್ನುವುದಿಲ್ಲ.

ಇನ್ನೊಂದನ್ನೂ ಇಲ್ಲ ಅನ್ನುವುದಿಲ್ಲ. ಕಾರ್ಖಾನೆ ಸೊರಗುತ್ತ ಬಂದು ನಮ್ಮೆಲ್ಲರನ್ನೂ ಅವಧಿಗೆ ಮುಂಚೆಯೇ ಮನೆಗೆ ಕಳಿಸಿದಾಗ, ಪೀಣ್ಯದ ಸಣ್ಣ ವರ್ಕ್‌ಶಾಪೊಂದು ಅವರನ್ನು ಕರೆದುಕೊಂಡಿತು. ನನ್ನನ್ನೂ ತೆಗೆದುಕೊಂಡರೆ ಮಾತ್ರ ಬರುತ್ತೇನೆ ಅಂದರಂತೆ. ಅಲ್ಲಿ ಒಬ್ಬ ಸೂಪರ್‌ವೈಸರ್ ನನ್ನ ಜಾತಿ ಹಿಡಿದು ಏನೋ ಅಂದ. ನಾನು ನುಂಗಿಕೊಂಡಿದ್ದೆ. ಇವರು ನುಂಗಲಿಲ್ಲ. ಮಾಲೀಕನ ರೂಮಿಗೆ ಹೋಗಿ, ಆ ಮನುಷ್ಯ ಎಲ್ಲರ ಎದುರಿಗೆ ಕ್ಷಮೆ ಕೇಳುವವರೆಗೂ ಒಂದು ಪೀಸನ್ನೂ ಪಾಸು ಮಾಡುವುದಿಲ್ಲ ಎಂದು ಕೈಕಟ್ಟಿ ಕೂತರು. ಲಾರಿ ಹೊರಗೆ ಕಾಯುತ್ತಿತ್ತು. ಸಂಜೆಯ ಹೊತ್ತಿಗೆ ಆ ಸೂಪರ್‌ವೈಸರ್ ಬಂದು ಕ್ಷಮೆ ಕೇಳಿದ. ನನಗಾಗಿ ಯಾರಾದರೂ ಕೆಲಸ ನಿಲ್ಲಿಸಿದ್ದು ಅದೇ ಮೊದಲು, ಅದೇ ಕೊನೆ. ಇಂಥವರನ್ನು ಸ್ನೇಹಿತ ಅನ್ನದೆ ಇನ್ನೇನನ್ನಬೇಕು? ನನ್ನ ಸಂಕಟ ಇರುವುದೇ ಇಲ್ಲಿ.

ಈಗ ತಟ್ಟೆಯ ವಿಷಯ. ಅದನ್ನು ಹೇಳಬೇಕಾದರೆ ಮತ್ತೆ ಜಾಲಹಳ್ಳಿಗೆ, ನಮ್ಮ ಸ್ನೇಹದ ಮೊದಲ ವರ್ಷಕ್ಕೆ ಹೋಗಬೇಕು.

ನಮ್ಮ ಟೂಲ್ ರೂಮಿನಲ್ಲಿ ಒಂದು ಪದ್ಧತಿಯಿತ್ತು. ಹೊಸಬನಿಗೆ ಸ್ವಂತ ಉಪಕರಣ ಇರುವುದಿಲ್ಲ, ಸ್ಟೋರಿನಿಂದ ತಂದು ಸಂಜೆ ಹಿಂದಿರುಗಿಸಬೇಕು. ಕೆಲಸ ಕೈಗೆ ಹತ್ತಿತು ಅಂತ ಹಿರಿಯರಿಗೆ ಅನ್ನಿಸಿದ ದಿನ ಅವನದೇ ಒಂದು ಮೈಕ್ರೋಮೀಟರು ತರಿಸಿ ಅದರ ಮೇಲೆ ಅವನ ಹೆಸರು ಕೊರೆಸುತ್ತಿದ್ದರು. ಹೆಸರು ಬಿತ್ತೆಂದರೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮ್ಯಾನೇಜರೂ ಕೇಳಿಯೇ ತೆಗೆದುಕೊಳ್ಳಬೇಕು. ಆ ದಿನ ಇಡೀ ವಿಭಾಗಕ್ಕೆ ಸಿಹಿ ಹಂಚುತ್ತಿದ್ದರು. ಎಷ್ಟೋ ಜನರ ಹೆಸರನ್ನು ನಾನೇ ಕೊರೆದಿದ್ದೇನೆ. ಕೊರೆಯುವಾಗ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡವರನ್ನೂ ನೋಡಿದ್ದೇನೆ.

ಅವರು ಒಂದು ಬೆಳಿಗ್ಗೆ ಹೊಸ ಸ್ಟೀಲ್ ತಟ್ಟೆ ಮತ್ತು ಲೋಟವನ್ನು ನನ್ನ ಯಂತ್ರದ ಮೇಲೆ ಇಟ್ಟರು. ಅವರ ಕ್ವಾರ್ಟರ್ಸಿಗೆ ನಾನು ಆಗಷ್ಟೇ ಮೊದಲ ಸಲ ಹೋಗಿ ಬಂದಿದ್ದೆ. ಏನು ಕೊರೆಯಬೇಕು ಸಾರ್ ಅಂದೆ. 'ನಿನ್ನ ಹೆಸರು ಹಾಕು. ನಮ್ಮನೇಲಿ ನಿಂದು ಅಂತ ಒಂದಿರ್ಲಿ' ಅಂದರು. ಪಾತ್ರೆಗೆ ಹೆಸರು ಹಾಕುವುದು ಎಲ್ಲ ಮನೆಗಳಲ್ಲೂ ಇದೆ, ಆದರೆ ಹಾಕುವುದು ಆ ಮನೆಯವರ ಹೆಸರನ್ನು. ಅವರ ಮನೆಯ ತಟ್ಟೆಗೆ ನನ್ನ ಹೆಸರು! ಟೂಲ್ ರೂಮಿನವನ ತಲೆಗೆ ಹೊಳೆದದ್ದು ಮೈಕ್ರೋಮೀಟರು. ಊಟದ ಬಿಡುವಿನಲ್ಲಿ ಕೂತು, ನನ್ನ ಕೈಲಾದಷ್ಟು ಚೆಂದದ ಅಕ್ಷರದಲ್ಲಿ ಕೊರೆದೆ. ಪಕ್ಕಕ್ಕೊಂದು ಹೂವನ್ನೂ ಹಾಕಿದೆ. ಕೆಲಸಕ್ಕೆ ಸೇರಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅವರ ಮನೆಯಲ್ಲಿ ನನಗೆ ಆ ತಟ್ಟೆ, ಆ ಲೋಟ. ಅವರ ತಾಯಿ ಮಡಿ ಹೆಂಗಸು, ಅಡುಗೆಮನೆಯ ಬಾಗಿಲು ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಉಪ್ಪಿಟ್ಟೋ ಅವಲಕ್ಕಿಯೋ ಇವರೇ ತಂದು ಬಡಿಸಿ, ನನ್ನ ಪಕ್ಕದಲ್ಲೇ ಕೂತು ತಿನ್ನುತ್ತಿದ್ದರು. ನಮ್ಮನೇಲಿ ಅವರವರ ತಟ್ಟೆ ಅವರವರೇ ತೊಳೀಬೇಕಪ್ಪ ಎಂದು ನಗುತ್ತ ಹಿತ್ತಲ ನಲ್ಲಿಗೆ ಕರೆದೊಯ್ದು, ತಾವೂ ತಮ್ಮದನ್ನು ಉಜ್ಜುತ್ತಿದ್ದರು. ನನ್ನದು ಅಲ್ಲೇ ನಲ್ಲಿಯ ಮೇಲಿನ ಗೂಡಿನಲ್ಲಿ ಇರುತ್ತಿತ್ತು. ಅವರದು ಒಳಗೆ ಹೋಗುತ್ತಿತ್ತು. ನಾನು ಕ್ಯಾಮೆರಾ ಎಲ್ಲಿಗೆ ಹೋಗಲಿಲ್ಲ ಅಂತ ನೋಡುವುದನ್ನು ಕಲಿತವನು, ಆದರೆ ಇದು ಸಿನಿಮಾ ಅಲ್ಲವಲ್ಲ, ನನ್ನ ಸ್ನೇಹಿತನ ಮನೆ. ಅಲ್ಲಿ ಎಡಗಣ್ಣು ಮುಚ್ಚಿ ನೋಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ವರ್ಷಗಳು ಹೋದವು. ಅವರ ಮದುವೆಯಾಯಿತು, ನನ್ನದಾಯಿತು. ಅವರ ತಾಯಿ ತೀರಿಕೊಂಡರು. ಅವರು ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಹತ್ತಿರದಲ್ಲಿ ಮನೆ ಕಟ್ಟಿಸಿದರು. ನಾನು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ, ನನ್ನ ಹೆಂಡತಿಯ ತವರಿನ ಕಡೆ, ಗೋಡೌನುಗಳ ನಡುವೆ ಎರಡು ಕೋಣೆ ಎಬ್ಬಿಸಿಕೊಂಡೆ. ತಟ್ಟೆಯೂ ಹೊಸ ಮನೆಗೆ ಹೋಯಿತು. ಅಲ್ಲಿ ಹಿತ್ತಲಿರಲಿಲ್ಲ, ವಾಷಿಂಗ್ ಮೆಷಿನ್ ಇಟ್ಟಿದ್ದ ಯುಟಿಲಿಟಿಯ ಕಿಟಕಿಯಲ್ಲಿ ಅದಕ್ಕೊಂದು ಜಾಗ ಆಯಿತು. ನಮ್ಮನೆಗೂ ಅವರು ಆಗೀಗ ಬರುತ್ತಿದ್ದರು. ಬಂದರೆ ಬಾಳೆಹಣ್ಣು ತಿನ್ನುತ್ತಿದ್ದರು, ಇಲ್ಲವೇ ಕಿತ್ತಳೆ. ಡಾಕ್ಟರು ಹೊರಗೆ ಊಟ ಬೇಡ ಅಂದಿದ್ದಾರೆ, ಹಣ್ಣಾದರೆ ಕೊಡಮ್ಮ ಅನ್ನುತ್ತಿದ್ದರು. ಅವರು ಬರುತ್ತಾರೆ ಅಂದರೆ ನಾನೇ ಗಾಡಿ ಹತ್ತಿ ಹೋಗಿ ಒಳ್ಳೆಯ ಏಲಕ್ಕಿ ಬಾಳೆ ಆರಿಸಿ ತರುತ್ತಿದ್ದೆ.

ಕೊನೆಕೊನೆಗೆ ಅವರು ಸಂಘದ ಹಾಲ್‌ನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತಿದ್ದರು. ಅವರ ಮಗಳು ಲ್ಯಾಪ್‌ಟಾಪಿನಿಂದ ಪರದೆಗೆ ಹಾಕುವುದು, ಮುಗಿದ ಮೇಲೆ ಅವರು ಮೈಕು ಹಿಡಿದು ವಿಮರ್ಶೆ ಮಾಡುವುದು. ಮಂಡಿ ನೋವಿನವರೂ ಮಂಜು ಕಣ್ಣಿನವರೂ ಬರುತ್ತಿದ್ದದ್ದು ಚಿತ್ರಕ್ಕಿಂತ ಹೆಚ್ಚಾಗಿ ಆ ವಿಮರ್ಶೆಗೆ.

ಮಗಳು ಬಿಡಬೇಡಿ ಅಂದ ಆ ದಿನ ಹಾಕಿದ್ದು ಒಂದು ಇಂಗ್ಲಿಷ್ ಚಿತ್ರ, ನಿಜವಾಗಿ ನಡೆದದ್ದಂತೆ. ಅಮೆರಿಕದಲ್ಲಿ ಬಿಳಿಯರಿಗೊಂದು ಬಾಗಿಲು, ಕಪ್ಪು ಜನರಿಗೊಂದು ಬಾಗಿಲು ಇದ್ದ ಕಾಲ. ಒಂದು ಸಣ್ಣ ಪಟ್ಟಣದಲ್ಲಿ ಬಿಳಿಯನೊಬ್ಬನ ವಸತಿಗೃಹ. ಬರಗಾಲದಲ್ಲಿ ಬಾವಿ ಬತ್ತಿ ಅದು ಮುಚ್ಚುವ ಸ್ಥಿತಿಗೆ ಬಂದಾಗ ಒಬ್ಬ ಕಪ್ಪು ಮನುಷ್ಯ ಬಂದು ಹೊಸ ಬಾವಿ ತೋಡಿ ನೀರು ತೋರಿಸುತ್ತಾನೆ. ಇಬ್ಬರಿಗೂ ಸ್ನೇಹವಾಗುತ್ತದೆ. ಆದರೆ ಮುಂಬಾಗಿಲಿನಿಂದ ಅವನು ಒಳಗೆ ಬಂದರೆ ಗಿರಾಕಿಗಳು ಎದ್ದು ಹೋಗುತ್ತಾರೆ. ಮಾಲೀಕ ಯೋಚಿಸಿ ಯೋಚಿಸಿ, ಒಂದು ಮುಂಜಾನೆ ಪಕ್ಕದ ಗೋಡೆ ಒಡೆದು ಸ್ನೇಹಿತನಿಗೇ ಅಂತ ಒಂದು ಬಾಗಿಲು ಇಡಿಸುತ್ತಾನೆ. ನೀಲಿ ಬಣ್ಣ ಬಳಿದು ಹೂಬಳ್ಳಿ ಹಬ್ಬಿಸುತ್ತಾನೆ. ಕಪ್ಪು ಮನುಷ್ಯ ಆ ಬಾಗಿಲನ್ನು ಮುಟ್ಟಿ ನಗುವಾಗ ಪಿಟೀಲುಗಳೆಲ್ಲ ಒಟ್ಟಿಗೆ ಏಳುತ್ತವೆ. ಕೊನೆಗೆ ಮುದುಕರಿಬ್ಬರೂ ಆ ಬಾಗಿಲ ಮುಂದೆ ಬೆಂಚು ಹಾಕಿಕೊಂಡು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಹಾಲ್‌ನಲ್ಲಿ ಮೂಗೊರೆಸುವ ಸದ್ದು. ನಾನೂ ಅತ್ತೆ, ಕರ್ಚೀಫು ಒದ್ದೆಯಾಗುವಷ್ಟು.

ಅವರು ಮೈಕು ಹಿಡಿದರು. ಫೀಲ್-ಗುಡ್ ಚಿತ್ರ ಅಂದರೆ ಹಲ್ಲು ಕಡಿಯುತ್ತಿದ್ದವರು ಅವತ್ತು ಇದನ್ನು ಬಾಯಿ ತುಂಬ ಹೊಗಳಿದರು. ಆ ನೀಲಿ ಬಾಗಿಲಿನ ದೃಶ್ಯದ ಹತ್ತಿರ ಬಂದು ನಿಂತು, ಇದು ನನ್ನ ಕತೆಯೂ ಹೌದು ಅಂದರು. ನನ್ನ ಕಡೆ ಕೈ ತೋರಿಸಿದರು. ನಾನು ನಾಚಿಕೊಂಡು ತಲೆ ತಗ್ಗಿಸಿದೆ.

ಆಮೇಲೆ ಎಲ್ಲವನ್ನೂ ಹೇಳಿದರು. ಇವನು ಮೊದಲ ಸಲ ಮನೆಗೆ ಬಂದು ಹೋದ ದಿನ ಅಮ್ಮ ಲೋಟವನ್ನು ತಿಪ್ಪೆಗೆ ಎಸೆದಳು, ಇನ್ನೊಂದು ಸಲ ಕರೆದರೆ ಊಟ ಬಿಡುತ್ತೇನೆ ಅಂದಳು. ಅಮ್ಮನನ್ನು ನೋಯಿಸುವ ಹಾಗಿಲ್ಲ, ಇವನನ್ನು ಬಿಡುವ ಹಾಗಿಲ್ಲ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ಹೊಳೆಯಿತು, ಒಂದು ತಟ್ಟೆ ತಂದು ಇವನ ಕೈಯಲ್ಲೇ ಇವನ ಹೆಸರು ಕೊರೆಸಿದೆ. ಬೇರೆ ಪಾತ್ರೆಗಳ ಜೊತೆ ಅಪ್ಪಿತಪ್ಪಿಯೂ ಬೆರೆಯುವುದಿಲ್ಲ ಅಂತ ಅಮ್ಮನಿಗೆ ಸಮಾಧಾನ, ತನ್ನದೇ ತಟ್ಟೆ ಅಂತ ಇವನಿಗೆ ಸಂತೋಷ. ಇವನಿಗೆ ಅನುಮಾನ ಬರಬಾರದಲ್ಲ, ಅದಕ್ಕೆ ನನ್ನ ತಟ್ಟೆಯನ್ನೂ ನಾನೇ ತೊಳೆಯುವುದಕ್ಕೆ ಶುರುಮಾಡಿದೆ ಅಂದಾಗ ಹಾಲ್ ಪ್ರೀತಿಯಿಂದ ನಕ್ಕಿತು.

'ಇವತ್ತಿನವರೆಗೂ ಇವನಿಗೆ ಗೊತ್ತಿಲ್ಲ' ಅಂದರು. 'ಅದೇ ನನ್ನ ನೀಲಿ ಬಾಗ್ಲು.'

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದವರು ನನ್ನ ಬೆನ್ನು ತಟ್ಟಿದರು. ಮೈಕು ಹಿಡಿದು ನಿಂತಿದ್ದ ನನ್ನ ಸ್ನೇಹಿತರ ಕಣ್ಣಲ್ಲಿ ನೀರಿತ್ತು. ನನ್ನನ್ನು ನೋಡುತ್ತಿದ್ದ ಆ ಮುಖದಲ್ಲಿ ಒಂದು ಚೂರೂ ಕಪಟವಿರಲಿಲ್ಲ, ದೊಡ್ಡ ಉಡುಗೊರೆ ಕೊಟ್ಟವರ ಹಾಗೆ ಬೆಳಗುತ್ತಿದ್ದರು. ಬೇಕೆಂತಲೇ ಅವಮಾನ ಮಾಡಿದ್ದರೆ ಎದ್ದು ಎರಡು ಮಾತು ಬಿಸಾಕಿ ಬರಬಹುದಿತ್ತು. ಮೈಕು ನನ್ನ ಕೈಗೆ ಬಂತು. ನನಗೆ ಕಂಡದ್ದು ನನ್ನದೇ ಕೈ, ಊಟದ ಬಿಡುವಿನಲ್ಲಿ ಕೂತು ಹೂವು ಕೊರೆಯುತ್ತಿದ್ದ ಕೈ. ಅವರ ಮನೆಯಿಂದ ನನ್ನನ್ನು ದೂರ ಇಡುವ ಗುರುತನ್ನು ನಾನೇ ಕೂತು, ಚೆಂದ ಮಾಡಿ, ಕೊಟ್ಟಿದ್ದೆ. ಸಿನಿಮಾ ಚೆನ್ನಾಗಿತ್ತು ಅಂದು ಕೂತೆ. ಭಾವುಕನಾಗಿ ಮಾತು ಹೊರಡಲಿಲ್ಲ ಅಂದುಕೊಂಡು ಜನ ಮತ್ತೂ ಜೋರಾಗಿ ಚಪ್ಪಾಳೆ ತಟ್ಟಿದರು.

ಹೊರಗೆ ಗಾಡಿ ನಿಲ್ಲಿಸುವ ಕಡೆ ಅವರು ನನ್ನ ಹೆಗಲ ಮೇಲೆ ಕೈ ಹಾಕಿ, ಹೇಗಿತ್ತೋ ಇವತ್ತಿನ ವಿಮರ್ಶೆ ಅಂದರು. ಒಂದೇ ಒಂದು ವಿಷಯ ಕೇಳಬೇಕು ಅನ್ನಿಸಿತ್ತು, ಕೇಳಿದೆ.

'ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಸಾರ್. ಆಮೇಲೂ ಅದೇ ತಟ್ಟೆ ಯಾಕೆ?'

ಕೈ ಹೆಗಲ ಮೇಲೆಯೇ ಇತ್ತು. ಅದು ಭಾರವಾದದ್ದು ನನಗೆ ಗೊತ್ತಾಯಿತು.

'ಅಭ್ಯಾಸ ಆಗೋಗಿತ್ತು ಕಣೋ' ಅಂದರು. 'ಅಲ್ದೆ, ನಿನಗೂ ಅದು ಇಷ್ಟ ಇತ್ತಲ್ಲ.'

ಹೌದು, ಇಷ್ಟವಿತ್ತು. ಅದನ್ನೇ ನನ್ನ ಮೇಲೆ ಹೊರಿಸಿದರು. ಅಮ್ಮನ ಹೆಸರು ಹೇಳಿಕೊಂಡು ಕಟ್ಟಿದ ಗೋಡೆ ಅಮ್ಮ ಹೋದ ಮೇಲೂ ನಿಂತಿತ್ತು ಅಂದರೆ, ಅದು ಅಮ್ಮನ ಗೋಡೆಯಾಗಿತ್ತೇ? ಅವರಿಗೆ ಆ ಪ್ರಶ್ನೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ನಾನು ಗಾಡಿ ಸ್ಟಾರ್ಟ್ ಮಾಡಿ ಹೊರಟುಬಿಟ್ಟೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಂಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತು ಅಂದಳು. ಹೇಗೆ ಅಂದರೆ, 'ಸಿಪ್ಪೆ ಸುಲಿಯೋದು ಬಿಟ್ಟು ನಮ್ಮನೇಲಿ ಆ ಯಪ್ಪ ಬ್ಯಾರೆ ಏನಾರ ಮುಟ್ಟವ್ರಾ? ನೀರೂ ಕುಡೀನಿಲ್ಲ' ಅಂದಳು. ಏಲಕ್ಕಿ ಬಾಳೆ ಆರಿಸಿ ಆರಿಸಿ ತರುತ್ತಿದ್ದವನು ನಾನು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆ ರೇಗಿದೆ. ನಿಮಗೆ ಇದ್ದದ್ದೇ ಒಬ್ಬ ಸ್ನೇಹಿತ, ಅಂಗೇ ಇರ್ಲಿ ಅಂತ ಸುಮ್ಕಿದ್ದೆ ಅಂದಳು.

ಆ ಚಿತ್ರವನ್ನು ಫೋನಿನಲ್ಲಿ ಇನ್ನೊಮ್ಮೆ ನೋಡಿದೆ, ಈ ಸಲ ಅವರು ಕಲಿಸಿದ ಹಾಗೆ. ಕ್ಯಾಮೆರಾ ಆ ಕಪ್ಪು ಮನುಷ್ಯನ ಮನೆಯೊಳಗೆ ಒಂದು ಸಲವೂ ಹೋಗುವುದಿಲ್ಲ. ಅವನಿಗೆ ಹೆಂಡತಿಯಿದ್ದಳೋ, ಆ ಬಾಗಿಲನ್ನು ನೋಡಿ ಅವಳು ಏನಂದಳೋ, ಚಿತ್ರಕ್ಕೆ ಬೇಕಾಗಿಲ್ಲ. ತೋಡಿದ ಬಾವಿಯ ನೀರನ್ನು ಅವನು ಯಾವ ಲೋಟದಲ್ಲಿ ಕುಡಿದ ಅಂತ ತೋರಿಸುವುದಿಲ್ಲ. ಗಿರಾಕಿಗಳೆಲ್ಲ ಸತ್ತು, ಕಾನೂನು ಬದಲಾಗಿ, ಇಬ್ಬರೂ ಮುದುಕರಾದ ಮೇಲೂ ಅವನು ಪಕ್ಕದ ಬಾಗಿಲ ಹತ್ತಿರವೇ ಕೂತಿದ್ದಾನೆ. ಮುಂಬಾಗಿಲಿಗೆ ಬಾ ಅಂತ ಯಾರೂ ಕರೆಯುವುದಿಲ್ಲ, ಪಿಟೀಲಿನ ಸದ್ದಿನಲ್ಲಿ ಅದು ನಮಗೂ ಮರೆತುಹೋಗುತ್ತದೆ. ಒಳ್ಳೆಯವರ ಒಳ್ಳೆಯತನ ನೋಡಿ ಒಳ್ಳೆಯವರು ಅಳುವುದಕ್ಕೆಂದು ಮಾಡಿದ ಚಿತ್ರ ಅದು. ಇಷ್ಟನ್ನು ಅವರು ಕಂಬಕ್ಕೆ ಒರಗಿ ನಿಂತು ಎರಡು ನಿಮಿಷದಲ್ಲಿ ಹೇಳಬಲ್ಲವರಾಗಿದ್ದರು. ಇದೊಂದು ಚಿತ್ರದ ಮುಂದೆ ಮಾತ್ರ ಅವರ ಕಣ್ಣು ಕೆಲಸ ಮಾಡಲಿಲ್ಲ.

ಆಮೇಲಿನ ಎರಡು ತಿಂಗಳ ಸಿನಿಮಾಕ್ಕೆ ನಾನು ಹೋಗಲಿಲ್ಲ. ಫೋನ್ ಬಂದರೆ ಮೈ ಸರಿಯಿಲ್ಲ ಅಂದೆ. ಅವರಿಗೆ ಅರ್ಥವಾಯಿತು. ಒಂದು ಭಾನುವಾರ ಮಗಳ ಕಾರಿನಲ್ಲಿ ನಮ್ಮನೆಗೇ ಬಂದರು. ನನ್ನ ಮುಖ ನೋಡದೆ ನೇರವಾಗಿ ನನ್ನ ಹೆಂಡತಿಗೆ, ಇವತ್ತು ಊಟ ಹಾಕಮ್ಮ ಅಂದರು. ಮುದ್ದೆ, ಬಸ್ಸಾರು ಇತ್ತು. ಮಗಳು ಈಗಷ್ಟೇ ತಿಂಡಿಯಾಯ್ತು ಅಂದಳು, ಅವಳಿಗೆ ಹಾಕಲಿಲ್ಲ. ನನಗೂ ಅವರಿಗೂ ಎರಡು ತಟ್ಟೆ ಬಂತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಎದೆ ಕರಗಿಹೋಗಿತ್ತು. ಅವರೊಂದು ತುತ್ತು ಬಾಯಿಗಿಟ್ಟರೆ ಸಾಕು, ಎಲ್ಲವನ್ನೂ ಮರೆತುಬಿಡಬೇಕು ಅಂದುಕೊಂಡೆ.

ಅವರು ಮುದ್ದೆ ಮುರಿದರು. ಸಾರಿನಲ್ಲಿ ಅದ್ದಿ ಎತ್ತಿದರು. ಎತ್ತಿದ ಕೈಯನ್ನು ಬಾಯಿಯ ಹತ್ತಿರ ಹಾಗೆಯೇ ನಿಲ್ಲಿಸಿಕೊಂಡು ಮಗಳ ಕಡೆ ತಿರುಗಿ, 'ತೆಗೆದ್ಯಾಮ್ಮ?' ಅಂದರು.

ಅವಳು ಫೋನ್ ಹಿಡಿದು ನಿಂತಿದ್ದಳು. ಅಂಕಲ್ ಸ್ವಲ್ಪ ಈ ಕಡೆ ನೋಡಿ ಅಂದಳು, ನಾನು ನೋಡಿದೆ. ಆಮೇಲೆ ತುತ್ತು ಬಾಯಿಗೆ ಹೋಯಿತು. ಅಗಿದು ನುಂಗಬೇಕೋ ಹಾಗೆಯೇ ನುಂಗಬೇಕೋ ತಿಳಿಯದೆ ಒದ್ದಾಡಿದರು, ಆದರೂ ಬಿಡದೆ ಉಂಡರು. ನನ್ನ ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂದಿತ್ತು, ಅದರ ಕೆಳಗೆ ಚಪ್ಪಾಳೆಯ ಮೇಲೆ ಚಪ್ಪಾಳೆ. ಯಾರೋ, ನೀಲಿ ಬಾಗಿಲು ಭಾಗ ಎರಡು ಅಂತ ಬರೆದಿದ್ದರು.

'ಈಗ ಸಮಾಧಾನ ಆಯ್ತೇನೋ?' ಅಂದರು ಅವರು.

ಊಟ ಮಾಡಿ ಸಾರ್, ತಣ್ಣಗಾಗುತ್ತೆ ಅಂದೆ. ನನ್ನ ಮನೆಗೆ ಅವರು ನನಗಾಗಿ ಬಂದಿರಲಿಲ್ಲ, ತಮ್ಮ ಚಿತ್ರದ ಕೊನೆಯ ದೃಶ್ಯಕ್ಕೆ ಬಂದಿದ್ದರು. ಮೊದಲ ಸಲ ಮೋಸ ಹೋದಾಗ ನನಗೆ ಗೊತ್ತಿರಲಿಲ್ಲ. ಈ ಸಲ ಕಣ್ಣೆದುರಿಗೇ, ನನ್ನದೇ ಮನೆಯಲ್ಲಿ, ಕ್ಯಾಮೆರಾ ಕಡೆ ನೋಡುತ್ತ ಮೋಸ ಹೋದೆ. ಇದು ಹೆಚ್ಚು ನೋವು.

ಅದಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಒಂದು ಬೆಳಿಗ್ಗೆ ವಾಕಿಂಗಿನಿಂದ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾನು ಹೋದೆ. ಅತ್ತೆ. ಆ ಅಳು ಸುಳ್ಳಲ್ಲ, ಈ ಸಿಟ್ಟೂ ಸುಳ್ಳಲ್ಲ. ನನಗೆ ಕಣ್ಣು ಕೊಟ್ಟವರು, ನನಗಾಗಿ ಲಾರಿ ನಿಲ್ಲಿಸಿದವರು, ನನ್ನ ತಟ್ಟೆಯನ್ನು ಕಿಟಕಿಯಲ್ಲಿ ಇಟ್ಟವರು ಎಲ್ಲರೂ ಒಬ್ಬರೇ ಆಗಿರುವಾಗ ನಾನು ಯಾರನ್ನು ಬಿಟ್ಟು ಯಾರಿಗೆ ಅಳಲಿ? ಆ ಫೋಟೋವನ್ನೇ ಸಂಚಿಕೆಗೆ ಹಾಕುತ್ತಾರಂತೆ. ಹಾಕಿಕೊಳ್ಳಲಿ. ಅದರಲ್ಲಿ ಕಾಣದ ಒಂದು ವಿಷಯ ಇಲ್ಲಿರಲಿ.

ಅವತ್ತು ಅವರ ಕಾರು ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಂದಾಗ ನನ್ನ ಹೆಂಡತಿ ಎಂಜಲು ತಟ್ಟೆಗಳನ್ನು ಎತ್ತುತ್ತಿದ್ದಳು. ಅಷ್ಟು ಹೊತ್ತು ತಡೆದಿದ್ದು ಆಗ ಉಕ್ಕಿ ಬಂತು. 'ಅವರ ತಟ್ಟೆ ಬೇರೆ ಇಡು' ಅಂದೆ. 'ಅವರ ಹೆಸರು ಕೊರೆದು ಕೊಡ್ತೀನಿ. ಇನ್ಮೇಲೆ ಬಂದ್ರೆ ಅದರಲ್ಲೇ ಹಾಕು.'

ಅವಳು ಎರಡೂ ತಟ್ಟೆಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು.

'ನಮ್ಮನೇಲಿ ಆ ಪದ್ಧತಿ ಇಲ್ಲ' ಅಂದಳು.

ಬಚ್ಚಲಿಗೆ ಹೋಗಿ ಎರಡನ್ನೂ ಒಟ್ಟಿಗೆ ತೊಳೆದು, ಒರೆಸಿ, ಉಳಿದ ತಟ್ಟೆಗಳ ಜೊತೆ ಜೋಡಿಸಿಟ್ಟಳು. ಅವರು ಉಂಡದ್ದು ಯಾವುದರಲ್ಲಿ ಅಂತ ಈಗ ನನಗೂ ಗೊತ್ತಾಗುವುದಿಲ್ಲ.